ಸಿಟ್ಟು ಅಂದರೆ ಬ್ಯಾಡಗಿ ಮೆಣಸಿನಕಾಯಿ: ಹರೆಯದ ಸಂಕಟದ ಪದ್ಯವನ್ನು ಓದುವ ಬಗೆ

ಧಾರವಾಡದ ಸಪ್ತಾಪುರದ ಒಂದು ಬಾಡಿಗೆ ಕೋಣೆಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹಾವೇರಿ, ಗದಗ, ನವಲಗುಂದ, ರೋಣ ಕಡೆಯಿಂದ ಓದಲು ಬಂದು ಇಲ್ಲೇ ರೂಮು ಮಾಡಿಕೊಂಡಿರುವ ಮಕ್ಕಳು. ಕೈಗೆ ಒಂದು ಪದ್ಯ ಕೊಟ್ಟ ಕೂಡಲೇ ಬಹಳಷ್ಟು ಮಂದಿ ಮಾಡುವುದು ಒಂದೇ ಕೆಲಸ. ಪೆನ್ನು ತೆಗೆದು ‘ಅಂತೆ’, ‘ಹಾಗೆ’ ಎಲ್ಲಿದೆ ಅಂತ ಹುಡುಕುತ್ತಾರೆ. ಸಿಕ್ಕರೆ ಉಪಮೆ. ಸಿಗದಿದ್ದರೆ ರೂಪಕ. ಅಲ್ಲಿಗೆ ಪದ್ಯ ಮುಗಿಯಿತು.

ನಾನೂ ಹಾಗೇ ಕಲಿತವನು. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ, ಕೊನೆಗೆ ಸಮನ್ವಯ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅಂಕವೂ ಬಂತು. ಆದರೆ ಪದ್ಯದಲ್ಲಿ ಮಾತಾಡುತ್ತಿರುವವರಿಗೆ ಏನಾಗಿದೆ ಅನ್ನುವುದು ಒಮ್ಮೆಯೂ ತಿಳಿದಿರಲಿಲ್ಲ. ಆ ಪದಗಳು ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಅವು ಬರಬೇಕಾದ್ದು ಕೊನೆಗೆ. ಮೊದಲು ನೋಡಬೇಕಾದ್ದು ಹೋಲಿಕೆಯಲ್ಲಿ ಬಂದ ವಸ್ತುವನ್ನು.

ಹರೆಯದ ಪದ್ಯಗಳಲ್ಲಂತೂ ಇದು ಇನ್ನೂ ಜಾಸ್ತಿ ಬೇಕು. ಹದಿನಾರು ವರ್ಷದ ಹುಡುಗನನ್ನು ‘ಏನಾಗೈತಿ?’ ಅಂತ ಕೇಳಿ ನೋಡಿ. ‘ಏನಿಲ್ಲ’ ಅಂತಾನೆ. ನೇರವಾಗಿ ಹೇಳಲು ಅವನ ಹತ್ತಿರ ಮಾತಿರುವುದಿಲ್ಲ. ಕಣ್ಣ ಮುಂದೆ ಇರುವ ಸಾಮಾನುಗಳನ್ನು ತೋರಿಸಿ ಹೇಳುತ್ತಾನೆ. ಹಾಗಾಗಿ ಆ ಸಾಮಾನುಗಳ ಪರಿಚಯ ನಮಗೆ ಇರಲೇಬೇಕು, ಅಲ್ವಾ?

ಅಭ್ಯಾಸಕ್ಕೆ ಬೇಕು ಅಂತ ನಾನೇ ಬರೆದುಕೊಂಡ ಒಂದು ಸಣ್ಣ ಪದ್ಯ ಇದೆ. ಅದನ್ನೇ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಹದಿನಾರು

ಅಪ್ಪಾ, ನನ್ನ ಸಿಟ್ಟು ಬ್ಯಾಡಗಿ ಮೆಣಸಿನಕಾಯಿ,
ಅಂಗಳದಾಗ ಹರವೇತಿ, ದಾಟಿ ಹೋಗ್ತಿ ನೀನು.
ಅವ್ವಾ, ನನ್ನ ಮಾತು ಬಾವ್ಯಾಗ ಬಿದ್ದ ಕೊಡ,
ಹಗ್ಗ ನಿನ್ನ ಕೈಯಾಗೇ ಐತಿ.

ಮನಸು ಬ್ಯಾಸಗಿ ಎರಿ ಹೊಲದಂಗ
ಬಾಯಿ ತೆರದು ಮಲಗೇತಿ.
ಕನ್ನಡಿ ದಿನಾ ಮುಂಜಾನೆ
ಬ್ಯಾರೆ ಹುಡುಗನ್ನ ತಂದು ನಿಲ್ಲಸತೈತಿ.

ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಂಗ ಉದ್ದ ಈ ವರ್ಷ,
ನಡದಷ್ಟೂ ನನ್ನ ಡಬ್ಬಿ ಬರವಲ್ದು.
ಚೀಲದಾಗ ಅಂಕಪಟ್ಟಿ ಮುದುಡಿ ಕುಂತೈತಿ,
ಮನಿ ಬಾಗಲಾ ಕೆಮ್ಮತೈತಿ, ನಾ ಬಂದಾಗ ಅಷ್ಟ.

ಮುಗಲಾಗ ಮಾಡ ಹಾಕೇತಿ. ಮಳಿ ಆಗವಲ್ದು.
ಒಂದ್ ಹನಿ ಬಿದ್ರ ಸಾಕಿತ್ತು, ಯಾರ ಕಣ್ಣಿಂದಾದ್ರೂ.

ಮೊದಲ ಹೆಜ್ಜೆ: ಪೆನ್ನು ಕೆಳಗಿಟ್ಟು ಓದಿ

ಮೂರು ಸಲ ಗಟ್ಟಿಯಾಗಿ ಓದಿ. ನಮ್ಮ ಕಡೆಯ ಮಾತಿನಲ್ಲಿರುವ ಪದ್ಯವನ್ನು ನಮ್ಮ ಕಡೆಯ ರಾಗದಲ್ಲೇ ಓದಿ. ‘ಮಳಿ’ಯನ್ನು ‘ಮಳೆ’ ಮಾಡಿ ತಿದ್ದಬೇಡಿ. ಆಮೇಲೆ ಒಂದೇ ಒಂದು ಪ್ರಶ್ನೆ ಹಾಕಿಕೊಳ್ಳಿ: ಯಾರು ಯಾರಿಗೆ ಹೇಳುತ್ತಿದ್ದಾರೆ?

ಇಲ್ಲಿ ಮಗ ಮಾತಾಡುತ್ತಿದ್ದಾನೆ. ಮೊದಲು ಅಪ್ಪನಿಗೆ, ಆಮೇಲೆ ಅವ್ವನಿಗೆ. ಐದನೇ ಸಾಲಿನಿಂದ ಯಾರನ್ನೂ ಕರೆಯುವುದಿಲ್ಲ. ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾನೆ. ಇದನ್ನು ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ. ಕೂಗಿದ, ಯಾರೂ ಓಗೊಡಲಿಲ್ಲ, ಸುಮ್ಮನಾದ ಅನ್ನುವುದು ಪದ್ಯದ ನಡಿಗೆಯಲ್ಲೇ ಇದೆ. ಅದನ್ನು ಹೇಳುವ ಸಾಲು ಮಾತ್ರ ಎಲ್ಲೂ ಇಲ್ಲ.

ಇನ್ನೊಂದು ಮಾತು. ‘ನಾನು’ ಅಂತ ಮಾತಾಡುವ ಹುಡುಗ ಮತ್ತು ಬರೆದ ಕವಿ ಇಬ್ಬರೂ ಒಬ್ಬರೇ ಅಂತ ಅಂದುಕೊಳ್ಳಬೇಡಿ. ಈ ಪದ್ಯ ಬರೆದ ನನಗೆ ಹದಿನಾರು ದಾಟಿ ಬಹಳ ವರ್ಷ ಆಗಿದೆ. ಉತ್ತರ ಬರೆಯುವಾಗ ‘ಕವಿ ತನ್ನ ತಂದೆಯ ಬಗ್ಗೆ’ ಅನ್ನುವ ಬದಲು ‘ಪದ್ಯದ ಹುಡುಗ ತನ್ನ ಅಪ್ಪನಿಗೆ’ ಅಂತ ಬರೆಯಿರಿ.

ಎರಡನೇ ಹೆಜ್ಜೆ: ನಿಜವಾಗಲು ಸಾಧ್ಯವೇ ಇಲ್ಲದ ಮಾತಿಗೆ ಗೆರೆ ಎಳೆಯಿರಿ

ಈಗ ಪೆನ್ಸಿಲ್ ತಗೊಳ್ಳಿ. ಸಿಟ್ಟು ಮೆಣಸಿನಕಾಯಿ ಅಲ್ಲ. ಮಾತು ಕೊಡ ಅಲ್ಲ. ಮನಸ್ಸಿಗೆ ಬಾಯಿ ಇಲ್ಲ. ಕನ್ನಡಿ ಯಾರನ್ನೂ ತಂದು ನಿಲ್ಲಿಸುವುದಿಲ್ಲ. ಬಾಗಿಲು ಕೆಮ್ಮುವುದಿಲ್ಲ. ಇವೆಲ್ಲದಕ್ಕೂ ಗೆರೆ ಎಳೆಯಿರಿ. ಪದ್ಯದ ಒಳಗಿನ ದಾರಿ ಇರುವುದು ಇಲ್ಲೇ.

‘ಮುಗಲಾಗ ಮಾಡ ಹಾಕೇತಿ. ಮಳಿ ಆಗವಲ್ದು’ ಅನ್ನುವ ಸಾಲು ಮಾತ್ರ ಬೇರೆ. ಅದು ನಿಜವೂ ಆಗಿರಬಹುದು. ಮುಗಿಲಿನಲ್ಲಿ ನಿಜವಾಗಿಯೂ ಮೋಡ ಇರಬಹುದು. ಅಂಥ ಸಾಲಿಗೆ ಗೆರೆ ಬೇಡ, ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ನೇರ ಅರ್ಥ ಸರಿಯಾಗಿಯೇ ಇದ್ದು, ಅದರ ಹಿಂದೆ ಇನ್ನೊಂದು ಅರ್ಥ ಗಂಟೆಯ ನಾದದ ಹಾಗೆ ಕೇಳಿಸುವುದನ್ನು ನಮ್ಮ ಕಾವ್ಯಮೀಮಾಂಸೆ ಧ್ವನಿ ಅನ್ನುತ್ತದೆ. ಆ ಚುಕ್ಕೆಗೆ ಆಮೇಲೆ ಬರೋಣ.

ಮೂರನೇ ಹೆಜ್ಜೆ: ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಒಂದು ಹಾಳೆಯ ಎಡಕ್ಕೆ ವಸ್ತುವಿನ ಹೆಸರು ಬರೆಯಿರಿ. ಬಲಕ್ಕೆ ಅದರ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಪದ್ಯವನ್ನು ಸ್ವಲ್ಪ ಹೊತ್ತು ಮರೆತುಬಿಡಿ.

ಮೊದಲು ಮೆಣಸಿನಕಾಯಿ. ನಮ್ಮ ಸೀಮೆ ಬಿಟ್ಟು ಬೇರೆ ಕಡೆ ಓದುವವರು ಏನು ಅಂತಾರೆ? ‘ಮೆಣಸಿನಕಾಯಿ ಖಾರ, ಹುಡುಗನ ಸಿಟ್ಟೂ ಖಾರ.’ ಮುಗಿಯಿತು. ಆದರೆ ಸಾಲಿನಲ್ಲಿ ಬರೀ ಮೆಣಸಿನಕಾಯಿ ಇಲ್ಲ, ಬ್ಯಾಡಗಿ ಮೆಣಸಿನಕಾಯಿ ಇದೆ. ಹಾವೇರಿ ಜಿಲ್ಲೆಯ ಯಾರ ಮನೆಯ ಅಡುಗೆಯವರನ್ನಾದರೂ ಕೇಳಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಹೆಸರುವಾಸಿ ಆಗಿರುವುದೇ ಆ ಕಡುಗೆಂಪಿನಿಂದ. ಅದರ ಬಣ್ಣವನ್ನು ತೆಗೆದು ತಿನಿಸುಗಳಿಗೂ ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಒಣಗಿದಾಗ ಮೈಯೆಲ್ಲ ಸುಕ್ಕು. ಒಂದು ಕಾಯಿ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿ. ಆ ಸುಕ್ಕಿನ ನಡುವೆ ಕೆಂಪು ಎಷ್ಟು ಗಾಢವಾಗಿರುತ್ತದೆ ಅಂದರೆ ಕಪ್ಪಿಗೆ ತಿರುಗಿದ ಹಾಗೆ ಕಾಣುತ್ತದೆ. ಅಲ್ಲಾಡಿಸಿದರೆ ಒಳಗೆ ಬೀಜದ ಸದ್ದು.

ಈಗ ಸಾಲಿಗೆ ಮರಳಿ ಬನ್ನಿ. ಹುಡುಗನ ಸಿಟ್ಟು ಕಣ್ಣಿಗೆ ಕೆಂಡದ ಹಾಗೆ ಕಾಣುತ್ತದೆ. ಯಾರನ್ನೂ ಸುಡುವಷ್ಟು ಖಾರ ಅದರಲ್ಲಿಲ್ಲ. ನೋಡಿದವರು ಹೆದರುತ್ತಾರೆ, ಹತ್ತಿರ ಬರುವುದಿಲ್ಲ. ಎಷ್ಟು ಮಕ್ಕಳ ಸಿಟ್ಟು ಹೀಗೇ ಇರುತ್ತದೆ ನೋಡಿ. ಖಾರ ಅಂತ ಓದಿದ್ದರೆ ಇವನು ಒರಟು ಹುಡುಗ ಅಂತ ತೀರ್ಪು ಕೊಟ್ಟು ಮುಂದೆ ಹೋಗುತ್ತಿದ್ದೆವು.

‘ದಾಟಿ ಹೋಗ್ತಿ’ ಅನ್ನುವುದನ್ನೂ ಹೀಗೇ ನೋಡಿ. ಹರವಿದ ಮೆಣಸಿನಕಾಯಿಯನ್ನು ಯಾರೂ ತುಳಿಯುವುದಿಲ್ಲ. ಅದು ವರ್ಷದ ದುಡಿಮೆ. ಬದಿಯಿಂದ ಹೋಗುತ್ತಾರೆ, ಇಲ್ಲವೇ ಕಾಲು ಎತ್ತಿ ದಾಟುತ್ತಾರೆ. ಅಂದರೆ ಅಪ್ಪ ಮಗನನ್ನು ಅಲಕ್ಷ್ಯ ಮಾಡುತ್ತಿದ್ದಾನೋ, ತುಳಿದೇನು ಅಂತ ಹೆದರಿ ದೂರ ಇದ್ದಾನೋ? ಸಾಲು ಎರಡಕ್ಕೂ ಜಾಗ ಬಿಟ್ಟಿದೆ. ಉತ್ತರದಲ್ಲಿ ಎರಡನ್ನೂ ಬರೆಯಿರಿ. ನನಗೆ ಎರಡನೆಯದೇ ಹೆಚ್ಚು ಸರಿ ಅನಿಸುತ್ತದೆ.

ಕೊಡದ ಸಾಲು. ಬಾವಿಗೆ ಬಿದ್ದ ಕೊಡ ಒಡೆದಿಲ್ಲ, ಕಳೆದುಹೋಗಿಯೂ ಇಲ್ಲ. ತಳದಲ್ಲಿ ಇದೆ. ಹಗ್ಗ ಅವ್ವನ ಕೈಯಲ್ಲಿದೆ, ಅಂದರೆ ಕುಣಿಕೆ ಕಳಚಿದೆ. ಬರೀ ಹಗ್ಗ ಬಿಟ್ಟರೆ ಕೊಡ ಮೇಲೆ ಬರುವುದಿಲ್ಲ. ಹಿಂದೆ ಊರಲ್ಲಿ ಕೊಡ ಬಿದ್ದರೆ ಯಾರದೋ ಮನೆಯಿಂದ ಪಾತಾಳಗರಡಿ ಇಸಿದುಕೊಂಡು ಬರುತ್ತಿದ್ದರು. ಸುತ್ತಲೂ ಕೊಕ್ಕೆ ಇರುವ ಕಬ್ಬಿಣದ ಸಾಧನ. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಕಾಣದ ನೀರಿನಲ್ಲಿ ತಾಳ್ಮೆಯಿಂದ ಆಡಿಸುತ್ತಾ ಇರಬೇಕು. ಕೊಕ್ಕೆ ಎಲ್ಲಿ ಸಿಗುತ್ತದೋ ಕೈಗೇ ತಿಳಿಯಬೇಕು. ಮಾತು ಬಿಟ್ಟ ಮಗನನ್ನು ಮಾತಾಡಿಸುವುದೂ ಹಾಗೇ ಅಲ್ವಾ? ‘ಉಂಡಿ? ಓದಿದಿ?’ ಅಂತ ಅವ್ವ ದಿನಾ ಹಗ್ಗ ಬಿಡುತ್ತಿದ್ದಾಳೆ. ಕೊಕ್ಕೆ ಇಲ್ಲ.

ಮೂರನೆಯದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಬಿರುಕು ಅಂದ ಕೂಡಲೇ ‘ಒಡೆದ ಮನಸ್ಸು, ಹಾಳಾದ ಬದುಕು’ ಅಂತ ಬರೆಯುವವರೇ ಜಾಸ್ತಿ. ಗದಗ, ನವಲಗುಂದ ಕಡೆಯ ಮಕ್ಕಳು ಹಾಗೆ ಬರೆದರೆ ನನಗೆ ಬೇಸರ ಆಗುತ್ತದೆ. ಅವರು ಆ ಹೊಲದಲ್ಲಿ ಓಡಾಡಿ ಬಂದವರು. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿದಾಗ ಕಾಲು ಸಿಕ್ಕಿಬೀಳುವಷ್ಟು ಬಿರುಕು. ಬ್ಯಾಸಗಿಯಲ್ಲಿ ಮೇಲಿನ ಪುಡಿಮಣ್ಣು ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ನೀರು ಅದೇ ಬಿರುಕಿನಿಂದ ಆಳಕ್ಕೆ ಇಳಿಯುತ್ತದೆ, ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ. ತನ್ನನ್ನು ತಾನೇ ಉಳುವ ಮಣ್ಣು ಅಂತ ಇದನ್ನು ಕರೆಯುವುದು ಅದಕ್ಕೇ. ಹಾಗಾದರೆ ‘ಬಾಯಿ ತೆರದು ಮಲಗೇತಿ’ ಅಂದರೆ ಸತ್ತಿದೆ ಅಂತಲ್ಲ. ಬಾಯಾರಿದೆ ಅಂತ. ಕಾಯುತ್ತಿದೆ ಅಂತ.

ಪ್ಲಾಟ್‌ಫಾರ್ಮು ಎಲ್ಲರಿಗೂ ಗೊತ್ತಿರುವುದೇ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಈ ತುದಿಯಿಂದ ಆ ತುದಿಗೆ ನಡೆದರೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷ. ಆದರೆ ಗಮನಿಸಬೇಕಾದ್ದು ಉದ್ದ ಒಂದನ್ನೇ ಅಲ್ಲ. ಗಾಡಿ ಬಂದು ನಿಂತಿದೆ. ಬೇರೆಯವರೆಲ್ಲ ತಮ್ಮ ತಮ್ಮ ಡಬ್ಬಿ ಹತ್ತುತ್ತಿದ್ದಾರೆ. ತನ್ನದು ಮಾತ್ರ ಸಿಗುತ್ತಿಲ್ಲ. ಓರಗೆಯವರೆಲ್ಲ ಮುಂದೆ ಹೋದರು ಅನ್ನುವ ಆತಂಕ ‘ನನ್ನ’ ಅನ್ನುವ ಒಂದು ಪದದಲ್ಲಿದೆ.

ಅತಿಯಾಗಿ ಓದಬೇಡಿ

ಇಲ್ಲಿ ಒಂದು ಎಚ್ಚರಿಕೆ. ಒಬ್ಬ ಹುಡುಗ ಕೇಳಿದ್ದ: ‘ಸರ, ಬ್ಯಾಡಗಿಯೊಳಗ ಡಬ್ಬಿ, ಕಡ್ಡಿ ಅಂತ ಎರಡು ತಳಿ ಅದಾವ. ಇಲ್ಲೂ ಡಬ್ಬಿ ಬಂದೈತಿ. ಶ್ಲೇಷೆ ಏನ್ರಿ?’ ಬಹಳ ಚುರುಕಿನ ಪ್ರಶ್ನೆ. ಆದರೆ ಅಲ್ಲ. ಶ್ಲೇಷೆ ಆಗಬೇಕಾದರೆ ಎರಡೂ ಅರ್ಥ ಸಾಲಿನಲ್ಲಿ ಸರಿಯಾಗಿ ಕೂರಬೇಕು. ‘ನಡದಷ್ಟೂ ನನ್ನ ಮೆಣಸಿನಕಾಯಿ ಬರವಲ್ದು’ ಅಂದರೆ ಅರ್ಥ ಇಲ್ಲ. ಅಕ್ಕಪಕ್ಕದ ಪದಗಳು ಒಪ್ಪದ ಅರ್ಥವನ್ನು ಬಿಟ್ಟುಬಿಡಿ. ಎಷ್ಟೇ ಚಂದ ಕಂಡರೂ ಬಿಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಈಗ ಹೆಸರು ಇಡಿ

ವಸ್ತು ತಿಳಿದ ಮೇಲೆ ಹೆಸರು ಇಡುವುದು ಸುಲಭ. ‘ಹುಬ್ಬಳ್ಳಿ ಪ್ಲಾಟ್‌ಫಾರ್ಮಿನಂಗ ಉದ್ದ ಈ ವರ್ಷ.’ ಉಪಮೇಯ ಈ ವರ್ಷ, ಉಪಮಾನ ಪ್ಲಾಟ್‌ಫಾರ್ಮು, ಉಪಮಾವಾಚಕ ‘ಅಂಗ’, ಸಮಾನಧರ್ಮ ಉದ್ದ. ನಾಲ್ಕೂ ಇವೆ, ಹಾಗಾಗಿ ಪೂರ್ಣೋಪಮೆ. ಪುಸ್ತಕದಲ್ಲಿ ‘ಅಂತೆ, ವೊಲ್’ ಅಂತ ಇರುತ್ತದೆ. ನಮ್ಮ ಕಡೆ ಬಾಯಲ್ಲಿ ಬರುವುದು ‘ಹಂಗ’, ‘ಅಂಗ’, ‘ಗತೆ’. ಅವೂ ಉಪಮಾವಾಚಕಗಳೇ. ಆ ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಅದು ಲುಪ್ತೋಪಮೆ.

‘ನನ್ನ ಸಿಟ್ಟು ಬ್ಯಾಡಗಿ ಮೆಣಸಿನಕಾಯಿ’ ಅನ್ನುವಲ್ಲಿ ಎರಡನ್ನೂ ಒಂದೇ ಮಾಡಿ ಹೇಳಿದೆ. ಅದು ರೂಪಕ. ಇಲ್ಲಿ ಒಂದು ಪರೀಕ್ಷೆ ಮಾಡಿ. ‘ನನ್ನ ಸಿಟ್ಟು ಮೆಣಸಿನಕಾಯಿಗತೆ’ ಅಂತ ಬದಲಿಸಿ ಓದಿ. ಹುಡುಗ ಸ್ವಲ್ಪ ದೂರ ನಿಂತು ಯೋಚಿಸಿ ಹೇಳಿದ ಹಾಗೆ ಕೇಳುತ್ತದೆ. ರೂಪಕದಲ್ಲಿ ಆ ದೂರ ಇಲ್ಲ. ಹರೆಯದಲ್ಲಿ ಸಿಟ್ಟು ಬಂದಾಗ ಸಿಟ್ಟೇ ತಾನಾಗಿರುತ್ತಾನೆ. ಅಪ್ಪ ಅವ್ವನಿಗೆ ಹೇಳುವ ಎರಡೂ ಮಾತು ರೂಪಕ, ತನಗೆ ತಾನೇ ಹೇಳಿಕೊಳ್ಳುವಾಗ ‘ಹೊಲದಂಗ’, ‘ಪ್ಲಾಟ್‌ಫಾರ್ಮಿನಂಗ’ ಅಂತ ಉಪಮೆ. ಈ ವ್ಯತ್ಯಾಸವನ್ನು ಉತ್ತರದಲ್ಲಿ ಬರೆದರೆ ಓದಿದವರು ನಿಮ್ಮನ್ನು ಮೆಚ್ಚುತ್ತಾರೆ.

ಕನ್ನಡಿ ಮತ್ತು ಅಂಕಪಟ್ಟಿಯಲ್ಲಿ ಜೀವ ಇಲ್ಲದ್ದಕ್ಕೆ ಜೀವ ಬಂದಿದೆ. ಮಾನವೀಕರಣ. ಮೈ, ದನಿ, ಮುಖ ದಿನದಿನಕ್ಕೆ ಬದಲಾಗುವ ವಯಸ್ಸು, ಹಾಗಾಗಿ ಕನ್ನಡಿ ಬೇರೆ ಹುಡುಗನನ್ನು ತಂದು ನಿಲ್ಲಿಸುತ್ತದೆ. ಅಂಕಪಟ್ಟಿ ಮುದುಡಿ ಕೂತಿದೆ, ಹೆದರಿದ ಹುಡುಗ ಕೂತ ಹಾಗೆ.

ಬಾಗಿಲು ಕೆಮ್ಮುವುದು ಬೇರೆ ಥರ. ಅದೂ ಮೇಲ್ನೋಟಕ್ಕೆ ಮಾನವೀಕರಣ. ಆದರೆ ಕೆಮ್ಮುತ್ತಿರುವವರು ನಿಜವಾಗಿ ಯಾರು? ಬಾಗಿಲ ಹಿಂದೆ ಕೂತಿರುವ ಅಪ್ಪ. ತಡವಾಗಿ ಬಂದ ಮಗನಿಗೆ ‘ನಾನು ಎಚ್ಚರ ಇದ್ದೀನಿ’ ಅಂತ ಹೇಳುವ ಕೆಮ್ಮು. ‘ಇಡೀ ಓಣಿ ನಕ್ಕಿತು’ ಅಂದರೆ ಓಣಿಯ ಮಂದಿ ನಕ್ಕರು ಅಂತ ತಾನೇ? ಹಾಗೆ. ಶಾಸ್ತ್ರದಲ್ಲಿ ಇದು ಲಕ್ಷಣಾ. ‘ಗಂಗೆಯಲ್ಲಿ ಹಟ್ಟಿ’ ಅಂದರೆ ಗಂಗೆಯ ದಡದಲ್ಲಿ ಹಟ್ಟಿ ಅನ್ನುವುದು ಅದರ ಹಳೆಯ ಉದಾಹರಣೆ. ಅಪ್ಪನ ಹೆಸರು ಬರಬೇಕಾದಲ್ಲಿ ಬಾಗಿಲು ಬಂದಿದೆ. ಮಗನಿಗೆ ಈಗ ಅಪ್ಪ ಅಂದರೆ ಬರೀ ಒಂದು ಬಾಗಿಲು.

ಹೆಸರಿಡುವಾಗ ಬಹಳ ಮಕ್ಕಳು ಎಡವುವುದು ಉತ್ಪ್ರೇಕ್ಷೆಯಲ್ಲಿ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ಹಿಗ್ಗಿಸಿ ಹೇಳುವುದು. ಅಲಂಕಾರಶಾಸ್ತ್ರದಲ್ಲಿ ಹಾಗಲ್ಲ. ಒಂದನ್ನು ಇನ್ನೊಂದೇ ಇರಬೇಕೇನೋ ಅಂತ ಕಲ್ಪಿಸುವುದು ಉತ್ಪ್ರೇಕ್ಷೆ. ಹಿಗ್ಗಿಸಿ ಹೇಳುವುದಕ್ಕೆ ಅತಿಶಯೋಕ್ತಿ ಅಂತ ಬೇರೆ ಹೆಸರಿದೆ.

ಪದ್ಯ ಬರೆದವರು ನಿಮ್ಮ ಪಕ್ಕದಲ್ಲೇ ಕೂತಿದ್ದರೆ

ಕೆಲವೊಮ್ಮೆ ಮಕ್ಕಳು ತಾವೇ ಬರೆದ ಪದ್ಯ ತಂದು ತೋರಿಸುತ್ತಾರೆ. ಅದರಲ್ಲಿ ಬಾವಿ, ಕತ್ತಲೆ, ‘ನಾನು ಇರಬಾರದಿತ್ತು’ ಅನ್ನುವಂಥ ಮಾತು ಇದ್ದರೆ ಅಲಂಕಾರ ಹುಡುಕಲು ಹೋಗಬೇಡಿ. ಪದ್ಯ ಮಡಚಿಟ್ಟು ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಐದನೇ ಹೆಜ್ಜೆ: ಹೋಲಿಕೆಗಳನ್ನು ಒಂದಕ್ಕೊಂದು ಕಟ್ಟಿ

ಬಿಡಿ ಬಿಡಿಯಾಗಿ ಬರೆದದ್ದನ್ನು ಈಗ ಪಕ್ಕಪಕ್ಕ ಇಡಿ. ಮೆಣಸಿನಕಾಯಿ ಒಣಗುತ್ತಿದೆ. ಹೊಲ ಒಣಗಿದೆ. ಮಳೆ ಇಲ್ಲ. ಕೊಡ ಮಾತ್ರ ನೀರಿನಲ್ಲಿದೆ, ಅದು ಕೈಗೆ ಸಿಗುತ್ತಿಲ್ಲ. ಇಡೀ ಪದ್ಯ ಬ್ಯಾಸಗಿಯಲ್ಲಿ ನಡೆಯುತ್ತಿದೆ. ಅಡ್ಡಮಳೆ ಬರುವ ಹೊತ್ತು. ಚುಕ್ಕೆ ಇಟ್ಟ ಆ ಸಾಲಿಗೆ ಈಗ ಬನ್ನಿ. ಮೋಡ ಅಂದರೆ ಮನೆಯಲ್ಲಿ ಎಲ್ಲರೂ ಒಳಗೇ ಇಟ್ಟುಕೊಂಡ ದುಃಖ. ಯಾರಾದರೂ ಒಬ್ಬರು ಅತ್ತರೆ ಬಿರುಕು ಬಿಟ್ಟ ಮನಸ್ಸಿಗೆ ನೀರು ಇಳಿಯುತ್ತದೆ. ಪದ್ಯ ಬರೆದಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಈ ಪದ್ಯ ಹೇಳಿಕೊಟ್ಟ ದಿನ ಬ್ಯಾಡಗಿ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಜಾಸ್ತಿ ಮಾತಾಡುವವಳಲ್ಲ. ಮೆಲ್ಲಗೆ ಕೇಳಿದಳು: ‘ಸರ, ಮೆಣಸಿನಕಾಯಿ ಹರವಿದಾಗ ಒಂದ್ ಹನಿ ಬಿದ್ರ ಏನಾಗತೈತಿ ಗೊತ್ತೇನ್ರಿ?’

‘ತೋಯ್ತಾವ. ಬಣ್ಣ ಕೆಡತೈತಿ’ ಅಂದೆ.

‘ಅದಲ್ರಿ. ಮನಿ ಮಂದಿ ಎಲ್ಲಾ ಅಂಗಳಕ್ಕ ಓಡಿ ಬರ್ತಾರ್ರಿ. ನಮ್ಮಪ್ಪ ಉಣ್ಣೂದು ಬಿಟ್ಟು ಎದ್ದು ಬರ್ತಾನ. ತಾಡಪತ್ರಿ ಹಾಸಿ, ಎಲ್ಲಾರೂ ಕೂಡಿ ಬಾಚಿ ಬಾಚಿ ಒಳಗ ಒಯ್ತೀವ್ರಿ.’

ಕೋಣೆಯಲ್ಲಿ ಯಾರೂ ಸದ್ದು ಮಾಡಲಿಲ್ಲ. ನಾನು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಮತ್ತೆ ಓದಿದೆ. ಬರೆದವನಿಗೇ ಕಾಣದ್ದು ಅವಳಿಗೆ ಕಂಡಿತ್ತು. ಎರಡೂ ಸಾಲು ಅದಕ್ಕೆ ಒಪ್ಪುತ್ತವೆ, ಹಾಗಾಗಿ ಅದು ಪದ್ಯದ ಅರ್ಥವೇ.

ಆರನೇ ಹೆಜ್ಜೆ: ಬರೆಯಿರಿ

ಉತ್ತರದ ಒಂದು ಭಾಗದಲ್ಲಿ ಮೂರು ಸಂಗತಿ ಇದ್ದರೆ ಸಾಕು. ಪದ್ಯದ ಸಾಲು, ವಸ್ತುವಿನ ಬಗ್ಗೆ ನಿಮಗೆ ಗೊತ್ತಿರುವ ನಿಜ, ಅದರಿಂದ ಹುಡುಗನ ಬಗ್ಗೆ ತಿಳಿದದ್ದು. ‘ಕವಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ’ ಅನ್ನುವ ಥರದ ವಾಕ್ಯ ಬೇಡ. ಅದನ್ನು ಯಾವ ಪದ್ಯಕ್ಕೂ ಬರೆಯಬಹುದು.

ಆ ಹುಡುಗಿ ಅವತ್ತು ಬರೆದದ್ದನ್ನು ಅವಳ ಒಪ್ಪಿಗೆ ಕೇಳಿ ಇಲ್ಲಿ ಕೊಡುತ್ತಿದ್ದೇನೆ: ‘ಪದ್ಯದ ಹುಡುಗ ತನ್ನ ಸಿಟ್ಟನ್ನು ಅಂಗಳದಲ್ಲಿ ಹರವಿದ ಬ್ಯಾಡಗಿ ಮೆಣಸಿನಕಾಯಿ ಎನ್ನುತ್ತಾನೆ. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ. ಬಿಸಿಲು ಇರುವತನಕ ಅಪ್ಪ ಅದನ್ನು ದಾಟಿ ಹೋಗುತ್ತಾನೆ. ಒಂದು ಹನಿ ಬಿದ್ದರೆ ಮನೆಯವರೆಲ್ಲ ಓಡಿ ಬಂದು ಅದನ್ನು ಬಾಚಿ ಒಳಗೆ ಒಯ್ಯುತ್ತಾರೆ. ಹುಡುಗ ಮಳೆ ಕೇಳುತ್ತಿರುವುದು ಅದಕ್ಕೆ.’

ಅಲಂಕಾರದ ಹೆಸರು ಬರೆದಿರಲಿಲ್ಲ. ಪರೀಕ್ಷೆಗೆ ಬೇಕಾಗುತ್ತದೆ, ಸೇರಿಸು ಅಂದೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ರೂಪಕ’ ಅಂತ ಬರೆದು ಪುಸ್ತಕ ಮುಚ್ಚಿದಳು.